ಉತ್ತರದ ಕಾಡಿಗೆ ಶಿಕಾರಿ: ಖರ್ಚು ಎಷ್ಟಾದೀತು?

ಕಾಫಿ ಕೊಯ್ಲು, ಅಡಿಕೆ ಸುಲಿತ ಮುಗಿದು ಕೈಗೆ ನಾಲ್ಕು ಕಾಸು ಬಂದಾಗ, ಉತ್ತರದ ಕಾಡಿಗೆ ಶಿಕಾರಿ ಹೋಗಿಬರೋಣವೆಂಬ ಮಾತು ತೋಟದವರ ಮನೆಗಳಲ್ಲಿ ಬರುವುದುಂಟು. ತೋಟ ಮಲೆನಾಡಿನಲ್ಲಿ, ಮಕ್ಕಳ ಓದಿಗೆಂದು ಮನೆ ಕೆಂಗೇರಿಯಲ್ಲಿ ಮಾಡಿಕೊಂಡಿರುವ ಸದಸ್ಯರಿಗೂ ಈ ಆಸೆ ಇದೆ. ಖರ್ಚಿನ ಲೆಕ್ಕಕ್ಕೆ ಮೊದಲು ಕಾನೂನನ್ನು ನೋಡೋಣ.

ಒಂದು ಕಾಲದಲ್ಲಿ ಇದು ನಡೆಯುತ್ತಿದ್ದುದು ನಿಜ. 1960ರ ದಶಕದಲ್ಲಿ ಮಧ್ಯಪ್ರದೇಶದ ಕಾಡುಗಳಲ್ಲಿ ಶಿಕಾರಿ ಕಂಪನಿಗಳು ಬ್ಲಾಕುಗಳನ್ನು ಗೊತ್ತುಮಾಡಿ, ಹೊರದೇಶದ ಗಿರಾಕಿಗಳನ್ನು ಕರೆದೊಯ್ಯುತ್ತಿದ್ದವು. ಪರವಾನಗಿ ಶುಲ್ಕ, ಜೀಪು, ಡೇರೆ, ಅಡಿಗೆಯವರು, ಹುಲಿಗೆ ಕಟ್ಟುವ ಎಮ್ಮೆ ಕರು, ಸೋವುವ ಆಳುಗಳ ಕೂಲಿ ಇವು ಆಗಿನ ಖರ್ಚಿನ ಬಾಬುಗಳು. 1970ರಲ್ಲಿ ಹುಲಿ ಶಿಕಾರಿ ನಿಷೇಧವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1991ರ ತಿದ್ದುಪಡಿಯು ಪರವಾನಗಿ ಪಡೆದು ಬೇಟೆಯಾಡುವ ಪದ್ಧತಿಯನ್ನೇ ತೆಗೆದುಹಾಕಿತು. ಆದ್ದರಿಂದ ಇಂದು ಶಿಕಾರಿಯ ಪರವಾನಗಿ ಕೊಡಿಸುತ್ತೇನೆಂದು ಮುಂಗಡ ಕೇಳುವವನು ಮೋಸಗಾರನೆಂದೇ ತಿಳಿಯತಕ್ಕದ್ದು.

ಬೆಳೆ ರಕ್ಷಣೆಗೆ ಪಡೆದ ಕೋವಿಯ ಲೈಸೆನ್ಸು ಬೇಟೆಯ ಪರವಾನಗಿಯಲ್ಲ. ಆಯುಧ ಕಾಯ್ದೆಯಲ್ಲಿ ಕೊಡವರಿಗಿರುವ ವಿನಾಯಿತಿಯೂ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ. ಉರುಳು ಒಡ್ಡುವುದು, ವಿಷವಿಡುವುದು, ಕೊಲ್ಲಲು ಯತ್ನಿಸುವುದು ಸಹ ಕಾಯ್ದೆಯ ಪ್ರಕಾರ ಬೇಟೆಯೇ. ಒಂದನೆಯ ಅನುಸೂಚಿಯ ಪ್ರಾಣಿಯಾದರೆ 3ರಿಂದ 7 ವರ್ಷ ಸೆರೆವಾಸ, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ತೋಟಕ್ಕೆ ಆನೆ ನುಗ್ಗಿ ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುವುದೇ ದಾರಿ.

ಹಾಗೆಂದು ಕಾಡು ನೋಡುವ ಆಸೆಯನ್ನು ಬಿಡಬೇಕಾಗಿಲ್ಲ. ಉತ್ತರಕ್ಕೇ ಹೋಗಬೇಕೆನ್ನುವವರಿಗೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಾಂಡೇಲಿ ಇದೆ. ಕೆಂಗೇರಿಯಿಂದ ನೈಸ್ ರಸ್ತೆ, ತುಮಕೂರು, ಹುಬ್ಬಳ್ಳಿ, ಧಾರವಾಡದ ಮೇಲೆ ಸುಮಾರು 470 ಕಿ.ಮೀ. ಹೋಗಿಬರಲು 940, ಅಲ್ಲಿನ ಓಡಾಟಕ್ಕೆ 140, ಒಟ್ಟು 1,080 ಕಿ.ಮೀ. ಜೀಪು ಲೀಟರಿಗೆ 12 ಕಿ.ಮೀ. ಓಡಿದರೆ 90 ಲೀಟರ್ ಡೀಸೆಲ್ ಬೇಕು. ನಾಲ್ವರು ಹಂಚಿಕೊಂಡರೆ ತಲೆಗೆ ಇಪ್ಪತ್ತೆರಡೂವರೆ ಲೀಟರ್. ಇದಕ್ಕೆ ಟೋಲ್, ಎರಡು ರಾತ್ರಿಯ ವಸತಿ, ಊಟ, ಸಫಾರಿ ಶುಲ್ಕ, ಕ್ಯಾಮೆರಾ ಶುಲ್ಕ, ಗೈಡಿನ ಶುಲ್ಕ ಸೇರಿಸಿ, ಒಟ್ಟು ಮೊತ್ತದ ಹತ್ತರಲ್ಲೊಂದು ಪಾಲನ್ನು ಆಪತ್ತಿಗೆಂದು ಬೇರೆ ಇಡುವುದು ಲೇಸು.

ಹೂಮಳೆ ಬಿದ್ದ ಮೇಲಿನ ಏಪ್ರಿಲ್-ಮೇ ತಿಂಗಳು ನಮ್ಮವರಿಗೆ ಅನುಕೂಲ; ಪ್ರಾಣಿಗಳು ನೀರಿಗೆ ಬರುವ ಕಾಲವೂ ಅದೇ. ಸಫಾರಿ ನಡೆಯುತ್ತಿದೆಯೇ ಎಂದು ಮೊದಲೇ ವಿಚಾರಿಸಿ ಜಾಗ ಕಾಯ್ದಿರಿಸಿರಿ. ಹುಲಿ ಕಂಡೇ ಕಾಣುತ್ತದೆಂಬ ಭರವಸೆ ಯಾರೂ ಕೊಡಲಾರರು. ಆದರೆ ಮಂಗಟ್ಟೆ ಹಕ್ಕಿಗಳಿಗೆ ದಾಂಡೇಲಿ ಹೆಸರಾದ ಸ್ಥಳ. ಕೋವಿಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೊರಡಿರಿ. ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯಕ್ಕೆ ಆಯುಧ ಒಯ್ಯುವುದೇ ಅಪರಾಧ.