ಧೋನಿ ರನೌಟ್, ಆ್ಯಪ್ ನಾಟೌಟ್

2019ರ ಜುಲೈ 10. ಮ್ಯಾಂಚೆಸ್ಟರ್‌ನಲ್ಲಿ ಮಳೆಯಿಂದಾಗಿ ಎರಡನೇ ದಿನಕ್ಕೆ ದಾಟಿದ್ದ ಭಾರತ-ನ್ಯೂಜಿಲೆಂಡ್ ವಿಶ್ವಕಪ್ ಕ್ರಿಕೆಟ್ ಸೆಮಿಫೈನಲ್. ಇತ್ತ ಮುಂಬಯಿಯಲ್ಲಿ ಆಫೀಸು ಬಿಟ್ಟು ಮನೆ ಸೇರುವ ಹೊತ್ತು. ಬೈಕುಲ್ಲಾ ದಾಟುವ ಲೋಕಲ್‌ಗಳಲ್ಲಿ ಒಂದು ಕೈ ಹಿಡಿಕೆಗೆ, ಇನ್ನೊಂದು ಕೈ ಮೊಬೈಲಿಗೆ. ಹಾಟ್‌ಸ್ಟಾರ್ ಆ್ಯಪ್‌ನಲ್ಲಿ ಆ ಪಂದ್ಯವನ್ನು ಏಕಕಾಲಕ್ಕೆ ನೋಡುತ್ತಿದ್ದವರ ಸಂಖ್ಯೆ 2.53 ಕೋಟಿ ಮುಟ್ಟಿತು. ಆಗಿನ ಮಟ್ಟಿಗೆ ಅದು ದಾಖಲೆ. ಗಪ್ಟಿಲ್ ಎಸೆದ ಚೆಂಡಿಗೆ ಧೋನಿ ರನೌಟ್ ಆದದ್ದೇ ತಡ, ನೋಡುಗರು ದಂಡುದಂಡಾಗಿ ಎದ್ದು ಹೊರಟರು.

ಜನ ಬಂದಾಗ ಸರ್ವರ್ ಬೀಳುತ್ತದೆ, ಹೋದಾಗ ಹಗುರಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಬೇಸರಗೊಂಡ ನೋಡುಗ ಆ್ಯಪ್ ಮುಚ್ಚುವುದಿಲ್ಲ, ಬ್ಯಾಕ್ ಒತ್ತುತ್ತಾನೆ. ಬ್ಯಾಕ್ ಒತ್ತಿದರೆ ಬರುವುದು ಮುಖಪುಟ. ಪಂದ್ಯದ ವಿಡಿಯೊ ಎಲ್ಲರಿಗೂ ಒಂದೇ. ಅದನ್ನು ಊರೂರಿನ ಸರ್ವರ್‌ಗಳಲ್ಲಿ ನಕಲು ಇಟ್ಟು ಹಂಚಬಹುದು. ಮುಖಪುಟ ಹಾಗಲ್ಲ. ನೀವು ಅರ್ಧಕ್ಕೆ ಬಿಟ್ಟ ಧಾರಾವಾಹಿ, ನಿಮ್ಮ ಭಾಷೆಯ ಸಿನಿಮಾ, ನಿಮಗೆಂದೇ ಆರಿಸಿದ ಶಿಫಾರಸು, ಹೀಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕ ಹಾಕಬೇಕು. ಕೋಟಿಗಟ್ಟಲೆ ಜನ ಆ ಬಾಗಿಲಿಗೆ ಒಮ್ಮೆಲೇ ನುಗ್ಗಿದರೆ? ಹಾಟ್‌ಸ್ಟಾರ್‌ನ ಎಂಜಿನಿಯರುಗಳು ಆ ಬಳಿಕ ಸಮ್ಮೇಳನಗಳಲ್ಲಿ ವಿವರಿಸಿದ ಪ್ರಕಾರ, ಅವರು ಸಿದ್ಧರಾಗಿದ್ದದ್ದೇ ಇಂಥ ಗಳಿಗೆಗೆ. ಶಿಫಾರಸು, ವೈಯಕ್ತಿಕ ಪಟ್ಟಿ ಮುಂತಾದವನ್ನು ಬೇಕಾದಾಗ ನಂದಿಸಿ, ವಿಡಿಯೊ, ಜಾಹೀರಾತು, ಹಣ ಪಾವತಿಯಂಥವನ್ನು ಮಾತ್ರ ಕಾಪಾಡುವ ಏರ್ಪಾಡಿತ್ತು. ಅದನ್ನು ಅವರು 'ಪ್ಯಾನಿಕ್ ಮೋಡ್' ಎನ್ನುತ್ತಾರೆ.

ಹೀಗೆ ಒಂದನ್ನು ನಂದಿಸಿ ಇನ್ನೊಂದನ್ನು ಉರಿಯಲು ಬಿಡಬೇಕಾದರೆ ಅವು ಮೊದಲೇ ಬೇರೆ ಬೇರೆ ಇರಬೇಕಲ್ಲ. ಮೈಕ್ರೋಸರ್ವಿಸ್ ಎಂದರೆ ಅದೇ. ಲಾಗಿನ್, ಹುಡುಕಾಟ, ಪಾವತಿ, ಶಿಫಾರಸು, ಒಂದೊಂದೂ ಸ್ವತಂತ್ರ ಪ್ರೋಗ್ರಾಂ. ಪ್ರತಿಯೊಂದಕ್ಕೂ ತನ್ನದೇ ಡೇಟಾಬೇಸ್. ಪರಸ್ಪರ ಮಾತು ಎಪಿಐ ಎಂಬ ನಿಗದಿತ ಕರೆಗಳ ಮೂಲಕ, ನೆಟ್‌ವರ್ಕ್ ಮೇಲೆ. ಹಳೆಯ ಮಾದರಿಯಾದ ಮೊನೊಲಿತ್‌ನಲ್ಲಿ ಇವೆಲ್ಲ ಒಂದೇ ಪ್ರೋಗ್ರಾಂ ಒಳಗೆ ಹೆಣೆದುಕೊಂಡಿರುತ್ತವೆ. ಶಿಫಾರಸಿನ ಕೋಡ್ ಮೆಮೊರಿ ನುಂಗಿದರೆ ಪಾವತಿಯೂ ಅದರ ಜೊತೆಗೇ ಮುಳುಗುತ್ತದೆ.

ಇದಕ್ಕೊಂದು ಹೋಲಿಕೆ ಬೇಕೆ? ಬೈಕುಲ್ಲಾ ಸ್ಟೇಷನ್ನಿನ ಸೇತುವೆ ಮೇಲೆ ನಿಂತರೆ ಕೆಳಗೆ ನಾಲ್ಕು ಹಳಿ ಕಾಣುತ್ತವೆ: ಸ್ಲೋ ಎರಡು, ಫಾಸ್ಟ್ ಎರಡು. ಸ್ಲೋ ಹಳಿಯಲ್ಲಿ ಗಾಡಿ ಕೆಟ್ಟು ನಿಂತರೂ ಫಾಸ್ಟ್ ಹಳಿ ಓಡುತ್ತಿರುತ್ತದೆ. ಆದರೆ ಜುಲೈ ಮಳೆಗೆ ಸಯನ್, ಕುರ್ಲಾಗಳಲ್ಲಿ ನೀರು ಏರಿತೆಂದರೆ ನಾಲ್ಕೂ ಒಟ್ಟಿಗೆ ನಿಲ್ಲುತ್ತವೆ. ಸೇವೆಗಳನ್ನು ಮೂವತ್ತಾಗಿ ಒಡೆದು, ಎಲ್ಲಕ್ಕೂ ಒಂದೇ ಡೇಟಾಬೇಸ್ ಉಳಿಸಿಕೊಂಡ ಕಂಪನಿಗಳ ಸ್ಥಿತಿ ಇದೇ. ಒಡೆಯುವ ಖರ್ಚೂ ಆಯಿತು, ಲಾಭವೂ ಇಲ್ಲ.

ಮೈಕ್ರೋಸರ್ವಿಸ್‌ಗೆ 'ಕ್ಲೌಡ್ ನೇಟಿವ್' ಎಂಬ ವಿಶೇಷಣ ಅಂಟಿಕೊಂಡದ್ದು ಕ್ಲೌಡ್ ಎಂಬ ಬಾಡಿಗೆ ಯಂತ್ರಗಳಿಂದಾಗಿ. 2008ರಲ್ಲಿ ಡೇಟಾಬೇಸ್ ಕೆಟ್ಟು ಮೂರು ದಿನ ಡಿವಿಡಿ ಕಳಿಸಲಾಗದೆ ಕುಳಿತ ನೆಟ್‌ಫ್ಲಿಕ್ಸ್, ಅಮೆಜಾನ್‌ನ ಕ್ಲೌಡ್‌ಗೆ ಪೂರ್ತಿ ಸ್ಥಳಾಂತರಗೊಂಡದ್ದು 2016ರ ಜನವರಿಯಲ್ಲಿ. ಅದೇ ವರ್ಷ ಜೂನ್‌ನಲ್ಲಿ ಅಮೆಜಾನ್ ತನ್ನ ಕ್ಲೌಡ್ ಕೇಂದ್ರವನ್ನು ಮುಂಬಯಿಯಲ್ಲೂ ತೆರೆಯಿತು. ಅಷ್ಟರಲ್ಲಿ 2013ರ ಡಾಕರ್, ಪ್ರೋಗ್ರಾಂ ಒಂದನ್ನು ಅದಕ್ಕೆ ಬೇಕಾದ ಸಾಮಾನು ಸಮೇತ ಕಂಟೇನರ್‌ನಲ್ಲಿ ಕಟ್ಟಿಡುವುದನ್ನು ಸುಲಭ ಮಾಡಿತ್ತು. 2014ರಲ್ಲಿ ಗೂಗಲ್ ಮುಕ್ತವಾಗಿಸಿದ ಕುಬರ್ನೆಟಿಸ್ ಆ ಕಂಟೇನರ್‌ಗಳ ಮೇಲ್ವಿಚಾರಣೆ ವಹಿಸಿಕೊಂಡಿತು. ಒಂದು ಸತ್ತರೆ ಇನ್ನೊಂದನ್ನು ಎಬ್ಬಿಸುವುದು, ಜನ ಹೆಚ್ಚಾದರೆ ನಾಲ್ಕರ ಜಾಗದಲ್ಲಿ ನಲವತ್ತು ನಿಲ್ಲಿಸುವುದು ಅದರ ಕೆಲಸ. ಟಿಕೆಟ್ ಮಾರುವ ಕಂಪನಿಗೆ ಬುಕಿಂಗ್ ತೆರೆಯುವ ಆ ಅರ್ಧ ಗಂಟೆಗಷ್ಟೇ ಪಾವತಿ ವಿಭಾಗವನ್ನು ಹಿಗ್ಗಿಸಿದರೆ ಸಾಕು. ಮೊನೊಲಿತ್ ಆದರೆ ಇಡೀ ಗಂಟನ್ನೇ ಹತ್ತು ಪ್ರತಿ ಮಾಡಬೇಕು, ಅಷ್ಟಕ್ಕೂ ಬಾಡಿಗೆ ತೆರಬೇಕು.

ನನ್ನ ಅಂದಾಜಿನಲ್ಲಿ ದೊಡ್ಡ ಲಾಭ ಬೇರೆಯೇ, ಅದು ಕೆಲಸ ಮಾಡುವ ಜನರಿಗೆ ಸಂಬಂಧಿಸಿದ್ದು. ಉದಾಹರಣೆಗೆ, 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ತೆರಿಗೆ ಲೆಕ್ಕ ಪ್ರತ್ಯೇಕ ಸೇವೆಯಾಗಿದ್ದಲ್ಲಿ ಆ ತಂಡದ ನಾಲ್ಕು ಜನ ತಿದ್ದಿ, ಪರೀಕ್ಷಿಸಿ, ಬಿಟ್ಟರೆ ಮುಗಿಯಿತು. ಇನ್ನೂರು ಜನ ಒಂದೇ ಕೋಡ್ ಮೇಲೆ ಕೂತಿರುವ ಕಡೆ ಎಲ್ಲರ ಅರೆಬರೆ ಕೆಲಸವೂ ಒಂದು ಹದಕ್ಕೆ ಬರುವ ತನಕ ಕಾಯಬೇಕು. ತಪ್ಪಾದರೆ ಎಲ್ಲರದ್ದನ್ನೂ ಹಿಂದಕ್ಕೆ ಎಳೆಯಬೇಕು.

ಮಾರಾಟಗಾರರು ಹೇಳದ ಮಾತು ಈಗ. ಮೊನೊಲಿತ್‌ನಲ್ಲಿ 'ಹಣ ತೆಗೆದುಕೋ' ಮತ್ತು 'ಟಿಕೆಟ್ ಕೊಡು' ಒಂದೇ ಡೇಟಾಬೇಸ್‌ನಲ್ಲಿ ಒಂದೇ ವ್ಯವಹಾರವಾಗಿ ನಡೆಯಬಲ್ಲವು. ಎರಡೂ ಆಗುತ್ತವೆ, ಇಲ್ಲವೇ ಎರಡೂ ಆಗುವುದಿಲ್ಲ. ಸೇವೆಗಳು ಬೇರೆಯಾದಾಗ ಆ ಭರವಸೆ ತಾನಾಗಿ ಸಿಗುವುದಿಲ್ಲ. ಪಾವತಿ ಸೇವೆ ಹಣ ಪಡೆದು 'ಆಯಿತು' ಎಂದ ಸಂದೇಶ ನಡುದಾರಿಯಲ್ಲಿ ಕಳೆದುಹೋದರೆ ಟಿಕೆಟ್ ಸೇವೆಗೆ ವಿಷಯವೇ ಗೊತ್ತಿರುವುದಿಲ್ಲ. ಹಣ ಕಡಿತವಾಗಿದೆ, ಟಿಕೆಟ್ ಬಂದಿಲ್ಲ: ಕ್ಯೂನಲ್ಲಿ ನಿಂತು ಶಪಿಸಿದವರಿಗೆಲ್ಲ ಗೊತ್ತಿರುವ ಸಂಕಟ. ಹಾಗಾಗದಿರಲು ಪ್ರತಿ ಹೆಜ್ಜೆಗೂ ಅದನ್ನು ಅಳಿಸುವ ಪ್ರತಿಹೆಜ್ಜೆ ಬರೆದಿಡಬೇಕು. ಒಂದೇ ಕೋರಿಕೆ ಎರಡು ಸಲ ಬಂದರೂ ಹಣ ಒಮ್ಮೆ ಮಾತ್ರ ಹೋಗುವಂತೆ ಪ್ರತಿ ವ್ಯವಹಾರಕ್ಕೂ ಒಂದು ಗುರುತಿನ ಸಂಖ್ಯೆ ಕೊಡಬೇಕು.

ಇನ್ನೊಂದು ಅಪಾಯ, ಕೇಳಿದ್ದನ್ನೇ ಕೇಳುವುದು. ಇದಕ್ಕೆ ಉದಾಹರಣೆ ಯುಪಿಐ, ಅದು ಒಂದೇ ಕಂಪನಿಯ ಮೈಕ್ರೋಸರ್ವಿಸ್ ಅಲ್ಲದಿದ್ದರೂ. ಬ್ಯಾಂಕು, ಆ್ಯಪ್, ನಡುವೆ ಅದನ್ನು ನಡೆಸುವ ಮುಂಬಯಿಯ ಎನ್‌ಪಿಸಿಐ, ಇವೆಲ್ಲ ಎಪಿಐ ಮೂಲಕ ಮಾತಾಡುವ ವ್ಯವಸ್ಥೆ. 2025ರ ಏಪ್ರಿಲ್ 12ರಂದು ಅದು ಗಂಟೆಗಟ್ಟಲೆ ತೊಡರಿತು. 'ಆ ಪಾವತಿ ಏನಾಯಿತು' ಎಂದು ವಿಚಾರಿಸುವ ಕರೆಗಳು ಮಿತಿಮೀರಿ ಬಂದದ್ದೇ ಕಾರಣವೆಂದು ಎನ್‌ಪಿಸಿಐ ಗುರುತಿಸಿತು. ಉತ್ತರ ತಡವಾದಷ್ಟೂ ಕೇಳುವವರು ಹೆಚ್ಚುತ್ತಾರೆ, ಕೇಳುವವರು ಹೆಚ್ಚಿದಷ್ಟೂ ಉತ್ತರ ತಡವಾಗುತ್ತದೆ. ಆ ವರ್ಷದ ಆಗಸ್ಟ್ 1ರಿಂದ ಮಿತಿ ಬಂತು: ವಿಚಾರಣೆ ಮೂರೇ ಸಲ, ನಡುವೆ 90 ಸೆಕೆಂಡು ಬಿಡುವು, ಬ್ಯಾಲೆನ್ಸ್ ನೋಡುವುದು ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಬಾರಿ. ಕಂಪನಿಯ ಒಳಗಿನ ಸೇವೆಗಳಿಗೂ ಇಂಥದೇ ಕಟ್ಟುಪಾಡು ಬೇಕು. ಇಷ್ಟು ಹೊತ್ತಿನಲ್ಲಿ ಉತ್ತರ ಬಾರದಿದ್ದರೆ ಬಿಡು, ಸತತ ಸೋತರೆ ಸ್ವಲ್ಪ ಕಾಲ ಕರೆಯನ್ನೇ ನಿಲ್ಲಿಸು.

ಖರ್ಚೂ ಕಡಿಮೆಯೇನಲ್ಲ. 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೊದ ಒಂದು ತಂಡ ತನ್ನ ವಿಡಿಯೊ ಗುಣಮಟ್ಟ ಪರೀಕ್ಷಿಸುವ ವ್ಯವಸ್ಥೆಯನ್ನು ಚೂರುಗಳಿಂದ ಒಂದೇ ಪ್ರೋಗ್ರಾಂಗೆ ತಂದು ಖರ್ಚನ್ನು ಶೇ. 90ರಷ್ಟು ಇಳಿಸಿಕೊಂಡಿತು. ಕ್ಲೌಡ್ ಮಾರುವವರ ಮನೆಯಲ್ಲೇ ಹೀಗೆ!

ಹಾಗಾದರೆ ಬೈಕುಲ್ಲಾದಲ್ಲಿ ಒಂದು ಉಡುಪಿ ಹೋಟೆಲು ನಡೆಸುವವರಿಗೆ, "ಶೆಟ್ರೇ, ಈಗೆಲ್ಲ ಮೈಕ್ರೋಸರ್ವಿಸ್ ಕಾಲ" ಎಂದು ಯಾರಾದರೂ ಬಂದರೆ? ಒಂದು ಕೌಂಟರ್, ಹದಿನೈದು ಟೇಬಲ್, ದಿನಕ್ಕೆ ಕೆಲವು ನೂರು ಬಿಲ್ಲು; ಒಂದೇ ಪ್ರೋಗ್ರಾಂ, ಒಂದೇ ಡೇಟಾಬೇಸ್, ರಾತ್ರಿ ಒಂದು ಬ್ಯಾಕಪ್ ಧಾರಾಳ ಸಾಕು. ಒಳಗೆ ಬಿಲ್ಲು, ದಾಸ್ತಾನು, ಸಂಬಳದ ಕೋಡ್ ಒಂದಕ್ಕೊಂದು ತೊಡಕದಂತೆ ಅಚ್ಚುಕಟ್ಟಾಗಿ ಬರೆಸಿ. ಇಪ್ಪತ್ತು ಶಾಖೆಗಳಾಗಿ, ಶುಕ್ರವಾರ ರಾತ್ರಿಯ ಆನ್‌ಲೈನ್ ಆರ್ಡರುಗಳ ಒತ್ತಡಕ್ಕೆ ಕೌಂಟರಿನ ಬಿಲ್ಲೂ ಸಿಕ್ಕಿಕೊಳ್ಳತೊಡಗಿದಾಗ ಆರ್ಡರ್ ವಿಭಾಗವೊಂದನ್ನು ಮಾತ್ರ ಹೊರಕ್ಕೆ ತೆಗೆಸಿ, ಅದಕ್ಕೆ ಸ್ವಂತ ಡೇಟಾಬೇಸ್ ಕೊಡಿಸಿ. ಹಳೆಯ ಪ್ರೋಗ್ರಾಂ ಓಡುತ್ತಲೇ ಇರಲಿ. ಮೊದಲು ಒಂದು ಶಾಖೆಯ ಆರ್ಡರುಗಳನ್ನಷ್ಟೇ ಹೊಸದಕ್ಕೆ ತಿರುಗಿಸಿ, ತಿಂಗಳ ಲೆಕ್ಕ ತಾಳೆಯಾದ ಮೇಲೆ ಉಳಿದವನ್ನು.