ಎರಡು ಸಲ ಸೇರಿದ ಐದೂವರೆ ಗಂಟೆ

ಕಳೆದ ವರ್ಷ ನಮ್ಮ ಕನ್ನಡ ಸಂಘದವರು ಪ್ರಬಂಧಸ್ಪರ್ಧೆಯೊಂದನ್ನು ಏರ್ಪಡಿಸಿದ್ದರು. ಪ್ರಬಂಧಗಳನ್ನು ಕಂಪ್ಯೂಟರಿನ ಮೂಲಕ ಸ್ವೀಕರಿಸುವ ಏರ್ಪಾಡು ನನ್ನ ಪಾಲಿಗೆ ಬಂದಿತ್ತು. ಕಡೆಯ ದಿನ ಆಗಸ್ಟ್ 31. ಪಟ್ಟಿ ತೆಗೆದು ನೋಡಲು, ಮೊದಲ ವರ್ಷದ ವಿದ್ಯಾರ್ಥಿಯೊಬ್ಬನ ಹೆಸರಿನ ಮುಂದೆ 'ಸೆಪ್ಟೆಂಬರ್ 1, ರಾತ್ರಿ 1-30' ಎಂದಿತ್ತು. ತಡವಾಯಿತೆಂದು ಅವನನ್ನು ಕೈಬಿಟ್ಟೆವು. ಅವನು ಬಂದು, "ಅಣ್ಣಾ, 31ರ ರಾತ್ರಿ ಎಂಟಕ್ಕೇ ಕಳುಹಿಸಿದ್ದೆ, ಹಾಸ್ಟೆಲಿನಲ್ಲಿ ಊಟಕ್ಕೆ ಏಳುವ ಮುಂಚೆ" ಎಂದ. ಯಂತ್ರ ಸುಳ್ಳು ಹೇಳೀತೇ ಎಂದು ನಾನು ನಕ್ಕೆ. ಅಂದು ರಾತ್ರಿ ನನಗೇ ನಿದ್ದೆ ಹತ್ತಲಿಲ್ಲ. ಎದ್ದು ಲೆಕ್ಕವನ್ನು ಮೊದಲಿನಿಂದ ನೋಡಿದೆ. ತಪ್ಪು ನನ್ನದೇ ಆಗಿತ್ತು. ಅದು ಹೇಗಾಯಿತೆಂದು ವಾಚಕರಿಗೆ ಅರಿಕೆ ಮಾಡುವುದೇ ಈ ಲೇಖನದ ಉದ್ದೇಶ.

ಮೈ-ಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ 'ಟೈಮ್‌ಸ್ಟ್ಯಾಂಪ್' ಎಂಬ ಜಾತಿಯ ಕಲಮುಂಟು. ಇದರಲ್ಲಿ ಬರೆದ ವೇಳೆಯನ್ನು ಅದು ಯು.ಟಿ.ಸಿ., ಎಂದರೆ ವಿಶ್ವಕಾಲಕ್ಕೆ ತಿರುಗಿಸಿ ಇಟ್ಟುಕೊಳ್ಳುತ್ತದೆ. ಭಾರತದ ವೇಳೆ 82½ ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸಿದ್ದು. 15 ಡಿಗ್ರಿಗೆ ಒಂದು ಗಂಟೆಯಂತೆ ನಾವು ಐದೂವರೆ ಗಂಟೆ, ಎಂದರೆ 19,800 ಸೆಕೆಂಡು, ಮುಂದಿದ್ದೇವೆ. ನಮ್ಮ ರಾತ್ರಿ 8 ಗಂಟೆ ಅಲ್ಲಿ ಮಧ್ಯಾಹ್ನ 2-30 ಆಗಿ ಕುಳಿತಿರುತ್ತದೆ.

ಹೊರಗೆ ತೆಗೆಯುವಾಗ ಡೇಟಾಬೇಸು ಅದನ್ನು ತನ್ನ ಸಂಪರ್ಕಕ್ಕೆ ಗೊತ್ತುಮಾಡಿದ ಕಾಲವಲಯಕ್ಕೆ ತಾನೇ ತಿರುಗಿಸಿ ಕೊಡುತ್ತದೆ. ನಮ್ಮ ಯಂತ್ರ ಭಾರತೀಯ ವೇಳೆಯಲ್ಲಿದ್ದುದರಿಂದ 20-00 ಎಂದು ಸರಿಯಾಗಿಯೇ ಕೊಟ್ಟಿತು. ಆದರೆ ಆ ಅಂಕೆಗಳ ಮೇಲೆ ಕಾಲವಲಯದ ಗುರುತು ಇರುವುದಿಲ್ಲ. ಪಿ.ಎಚ್.ಪಿ. ಭಾಷೆಯಾದರೋ, ಬೇರೆ ಹೇಳದಿದ್ದರೆ, ಅದನ್ನು ವಿಶ್ವಕಾಲವೆಂದೇ ಭಾವಿಸುತ್ತದೆ. ನಾನು ಅದನ್ನು ಭಾರತದ ವೇಳೆಗೆ ತಿರುಗಿಸೆಂದು ಬರೆದಿದ್ದೆ. ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು ಬಿತ್ತು! ಎಲ್ಲರ ವೇಳೆಯೂ ಹೀಗೆಯೇ ಕೆಟ್ಟಿತ್ತು. ನಡುರಾತ್ರಿ ದಾಟಿದ್ದು ಅವನದೊಂದೇ ಆದ್ದರಿಂದ ಉಳಿದವರು ದೂರಲಿಲ್ಲ.

ಪರಿಹಾರ ಸುಲಭ. ಸಂಪರ್ಕವಾದೊಡನೆ ಡೇಟಾಬೇಸಿನ ಕಾಲವಲಯವನ್ನು '+00:00' ಎಂದು ಗೊತ್ತುಮಾಡಬೇಕು. ಬಂದ ವೇಳೆಯನ್ನು ಪಿ.ಎಚ್.ಪಿ.ಗೆ ಒಪ್ಪಿಸುವಾಗ ಇದು ಯು.ಟಿ.ಸಿ. ಎಂದು ಬಾಯಿಬಿಟ್ಟು ಹೇಳಬೇಕು. ಕಡೆಯಲ್ಲಿ, ಜನರಿಗೆ ತೋರಿಸುವಾಗ ಮಾತ್ರ, ಒಂದೇ ಒಂದು ಸಲ 'ಏಷ್ಯಾ/ಕೋಲ್ಕತ್ತಾ' ವಲಯಕ್ಕೆ ಬದಲಿಸಬೇಕು. 'ಡೇಟ್‌ಟೈಮ್' ಜಾತಿಯ ಕಲಮು ಮಾತ್ರ ಯಾವ ಪರಿವರ್ತನೆಯನ್ನೂ ಮಾಡದೆ ಕೊಟ್ಟದ್ದನ್ನೇ ಕೊಡುತ್ತದೆ. ಎರಡನ್ನೂ ಒಂದೆಂದು ತಿಳಿಯಬಾರದು.

ಮಾರನೆಯ ದಿನ ನಾನೇ ಹೋಗಿ ಅವನ ಕ್ಷಮೆ ಕೇಳಿದೆ. ಪ್ರಬಂಧವನ್ನು ಸ್ಪರ್ಧೆಗೆ ಸೇರಿಸಿದರು. ಬಹುಮಾನ ಬೇರೊಬ್ಬರಿಗೆ ಹೋಯಿತು. ಆದರೆ ಸತ್ಯ ಹೇಳಿದವನೊಬ್ಬ ಸುಳ್ಳುಗಾರನಾಗಿ ಉಳಿಯಲಿಲ್ಲವೆಂಬ ಸಮಾಧಾನ ನನಗಿದೆ.