ಅಜ್ಜ ಬರೆದಿಡದ ಒಂದು ಹಾಳೆ

ಕಳೆದ ಜನವರಿಯಲ್ಲಿ ನಮ್ಮ ತೋಟದ ರೊಬಸ್ಟಾ ಗಿಡದಲ್ಲೇ ಹಣ್ಣಾಗಿ, ಒಣಗಿ ನೆಲಕ್ಕೆ ಉದುರಿತು. ಕಾಫಿಗೆ ಒಳ್ಳೆಯ ಬೆಲೆ ಇತ್ತು, ಕೊಯ್ಯಲು ಆಳುಗಳೂ ಸಿಕ್ಕಿದ್ದರು. ಆದರೆ ಕೊಯ್ದ ಕಾಫಿ ಯಾರ ಕಣಕ್ಕೆ ಹೋಗಬೇಕು ಎಂಬುದು ಮಾತ್ರ ತೀರ್ಮಾನವಾಗಲಿಲ್ಲ. ಅಜ್ಜ ತೀರಿಹೋಗಿ ಆಗ ಎಂಟು ತಿಂಗಳಾಗಿತ್ತು.

ಸುಂಟಿಕೊಪ್ಪದ ಹತ್ತಿರವಿರುವ ಆ ಆರು ಎಕರೆಯನ್ನು ಅಜ್ಜ ಸ್ವಂತ ದುಡಿಮೆಯಿಂದ ಮಾಡಿದ್ದು. ‘ಮೇಲಿನ ತೋಟ ದೊಡ್ಡವನಿಗೆ, ಮನೆ ಮತ್ತು ಕೆಳಗಿನ ತೋಟ ಚಿಕ್ಕವನಿಗೆ’ ಎಂದು ಹಬ್ಬಕ್ಕೆ ಎಲ್ಲರೂ ಸೇರಿದಾಗ ಹೇಳುತ್ತಿದ್ದರು. ಅತ್ತೆಗೆ ಏನು ಎಂದು ಯಾರೂ ಕೇಳಿರಲಿಲ್ಲ. ‘ಒಂದು ವಿಲ್ ಬರೆದಿಡಿ’ ಎಂದು ಅಜ್ಜಿ ಹೇಳಿದರೆ, ‘ನನ್ನ ಮಕ್ಕಳು ಕಚ್ಚಾಡುವವರಲ್ಲ’ ಎಂದು ನಗುತ್ತಿದ್ದರು.

ತಿಥಿ ಮುಗಿದ ವಾರಕ್ಕೇ ಮಾತು ಶುರುವಾಯಿತು. ‘ಇಪ್ಪತ್ತು ವರ್ಷ ಈ ತೋಟದ ಕೆಸರು ತುಳಿದವನು ನಾನು, ಎಲ್ಲರಿಗೂ ಸಮಪಾಲು ಅಂದರೆ ನ್ಯಾಯವಾ?’ ಎಂದರು ದೊಡ್ಡಪ್ಪ. ‘ಅಪ್ಪ ಮನೆ ನನಗೆ ಅಂದಿದ್ದು ಎಲ್ಲರೂ ಕೇಳಿಸಿಕೊಂಡಿದ್ದೀರಿ’ ಎಂದರು ನಮ್ಮಪ್ಪ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳಿದಾಗ ಅತ್ತೆ, ‘ನಾನೂ ಅವರ ಮಗಳೇ ಅಲ್ವಾ?’ ಎಂದಷ್ಟೇ ಕೇಳಿದರು. ಮೂವರಲ್ಲಿ ಯಾರ ಮಾತನ್ನೂ ಸುಳ್ಳು ಎನ್ನಲು ನನಗೆ ಇವತ್ತಿಗೂ ಆಗುವುದಿಲ್ಲ.

ಅದೇ ಸಮಯಕ್ಕೆ ನನಗೆ ಸ್ನಾತಕೋತ್ತರ ಕೋರ್ಸಿಗೆ ಸೀಟು ಸಿಕ್ಕಿತ್ತು. ಸಾಲಕ್ಕೆಂದು ಬ್ಯಾಂಕಿಗೆ ಹೋದರೆ ಜಾಮೀನಿನ ಆರ್‌ಟಿಸಿ ಕೇಳಿದರು. ಅದರಲ್ಲಿದ್ದದ್ದು ಅಜ್ಜನ ಹೆಸರು. ಪೌತಿ ಖಾತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲ ಹೊಂದಿಸಿಕೊಂಡು ಅರ್ಜಿ ಹಾಕಿದರೂ ಮನೆಯವರಿಂದಲೇ ತಕರಾರು ಬಂತು. ಸೀಟು ಕೈತಪ್ಪಿತು. ಈಗ ತಾತ್ಕಾಲಿಕ ಕೆಲಸ ಮಾಡುತ್ತಾ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಹಿರಿಯರ ಆಸ್ತಿ ಜಗಳ ನಮ್ಮ ವಯಸ್ಸಿನವರಿಗೆ ಸಂಬಂಧಿಸಿದ್ದಲ್ಲ ಎಂದುಕೊಂಡಿದ್ದ ನನಗೆ ಸಿಕ್ಕ ಮೊದಲ ಪಾಠ ಇದು.

ಕಾನೂನು ಓದಿದಾಗ ತಿಳಿದದ್ದು ಸರಳವಾಗಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ ಪುರುಷನೊಬ್ಬ ವಿಲ್ ಬರೆಯದೆ ತೀರಿಕೊಂಡರೆ ಅವನ ಸ್ವಯಾರ್ಜಿತ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇದ್ದರೆ ತಾಯಿ, ಇವರಿಗೆ ಸಮನಾಗಿ ಹೋಗುತ್ತದೆ. ಅಂದರೆ ನಮ್ಮಲ್ಲಿ ಅಜ್ಜಿ, ದೊಡ್ಡಪ್ಪ, ಅಪ್ಪ, ಅತ್ತೆ ನಾಲ್ವರಿಗೂ ಕಾಲು ಕಾಲು ಪಾಲು. ಹಬ್ಬದ ದಿನದ ಬಾಯಿಮಾತಿಗೆ ಬೆಲೆ ಇಲ್ಲ. ಪಿತ್ರಾರ್ಜಿತ ಆಸ್ತಿಯಲ್ಲೂ 2005ರ ತಿದ್ದುಪಡಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿದೆ. ಅದಕ್ಕೆ ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ನಮ್ಮೂರಿನಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ಪಾಲಿನ ನಿಯಮಗಳು ಬೇರೆ. ಮುಸ್ಲಿಮರು ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಭಾಗಕ್ಕಷ್ಟೇ ವಿಲ್ ಬರೆಯಬಹುದು.

ಕೊಡಗಿನಲ್ಲಿ ಇನ್ನೊಂದು ಗಂಟೂ ಇದೆ, ಜಮ್ಮಾ ಜಮೀನು. ಅರಸರ ಕಾಲದಿಂದ ಒಕ್ಕಕ್ಕೆ ಬಂದ ಈ ಭೂಮಿ ಪಟ್ಟೇದಾರನ ಹೆಸರಿನಲ್ಲಿರುತ್ತದೆ. ಹೆಸರಿದೆ ಎಂದ ಮಾತ್ರಕ್ಕೆ ಅದು ಅವನೊಬ್ಬನದಲ್ಲ, ಇಡೀ ಒಕ್ಕದ್ದು. ತಲೆಮಾರು ಕಳೆದಂತೆ ಹಕ್ಕುದಾರರು ಹೆಚ್ಚುತ್ತಾರೆ. ಪಾಲು ತಿಳಿಯದೆ, ಸಾಲ ಸಿಗದೆ ಒದ್ದಾಡುವ ಗೆಳೆಯರು ನನ್ನ ತರಗತಿಯಲ್ಲೇ ಇದ್ದರು.

ಹಣ, ಅಧಿಕಾರ, ವಕೀಲರು ಎಲ್ಲ ಇದ್ದವರೂ ಇದರಿಂದ ತಪ್ಪಿಸಿಕೊಂಡಿಲ್ಲ. ನಮ್ಮ ಮೇಲುಕೋಟೆಯಲ್ಲಿ ಹುಟ್ಟಿ ತಮಿಳುನಾಡಿನ ಮುಖ್ಯಮಂತ್ರಿಯಾದ ಜಯಲಲಿತಾ 2016ರ ಡಿಸೆಂಬರ್ 5ರಂದು ವಿಲ್ ಬರೆಯದೆ ತೀರಿಕೊಂಡರು. ಚೆನ್ನೈನ ಪೋಯಸ್ ಗಾರ್ಡನ್‌ನಲ್ಲಿದ್ದ ‘ವೇದ ನಿಲಯಂ’ ಮನೆಯನ್ನು ಸ್ಮಾರಕ ಮಾಡಲು ಸರ್ಕಾರ ಹೊರಟಿತು. ಅವರ ಅಣ್ಣನ ಮಕ್ಕಳಾದ ದೀಪಾ ಮತ್ತು ದೀಪಕ್ ಕೋರ್ಟಿಗೆ ಹೋದರು. 2020ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್ ಅವರನ್ನು ವಾರಸುದಾರರೆಂದು ಘೋಷಿಸಿತು. ಮನೆಯ ಕೀಲಿಕೈ ಸಿಕ್ಕಿದ್ದು 2021ರ ಡಿಸೆಂಬರ್‌ನಲ್ಲಿ. ಒಂದು ಮನೆಗಾಗಿ ಐದು ವರ್ಷ!

ಬರೆದಿಟ್ಟರೆ ಎಲ್ಲವೂ ಮುಗಿಯಿತೇ? ಅದೂ ಇಲ್ಲ. 1809ರಲ್ಲಿ ತೀರಿಕೊಂಡ ನಮ್ಮ ಹಾಲೇರಿ ದೊರೆ ದೊಡ್ಡವೀರರಾಜೇಂದ್ರ, ತನ್ನ ನಂತರ ಮಗಳು ದೇವಮ್ಮಾಜಿ ಪಟ್ಟಕ್ಕೆ ಬರಬೇಕೆಂದು ಈಸ್ಟ್ ಇಂಡಿಯಾ ಕಂಪನಿಗೂ ತಿಳಿಸಿದ್ದ. 1811ರಲ್ಲಿ ದೊರೆಯ ತಮ್ಮ ಲಿಂಗರಾಜೇಂದ್ರ ತಾನೇ ಅರಸನಾದ. ಇಚ್ಛೆ ಇದ್ದರೆ ಸಾಲದು, ಅದನ್ನು ನಡೆಸಿಕೊಡುವ ನಂಬಿಕಸ್ಥರೂ ಬೇಕು. ಅದಕ್ಕೇ ವಿಲ್‌ನಲ್ಲಿ ನಿರ್ವಾಹಕರೊಬ್ಬರನ್ನು ಹೆಸರಿಸುವುದು ಒಳ್ಳೆಯದು.

ವಿಲ್ ಬರೆಯುವುದು ನಾವು ತಿಳಿದಷ್ಟು ಕಷ್ಟವಲ್ಲ. 18 ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರಾದರೂ ಬಿಳಿ ಹಾಳೆಯಲ್ಲಿ ಬರೆಯಬಹುದು. ಛಾಪಾ ಕಾಗದ ಬೇಕಿಲ್ಲ. ಬರೆದವರ ಸಹಿಯ ಜೊತೆ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಆಸ್ತಿ ಪಡೆಯುವವರು ಸಾಕ್ಷಿಯಾಗದಿದ್ದರೆ ಮುಂದೆ ಅನುಮಾನಕ್ಕೆ ಎಡೆಯಿರದು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಬಲ ಹೆಚ್ಚು. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಬ್ಯಾಂಕ್ ಖಾತೆಗೆ ನಾಮಿನಿ ಇದ್ದಾರಲ್ಲ ಎಂದು ಸುಮ್ಮನಿರಬೇಡಿ. ನಾಮಿನಿ ಹಣ ಪಡೆದುಕೊಳ್ಳುವವರಷ್ಟೇ, ಅದರ ಮಾಲೀಕರಾಗಬೇಕೆಂದಿಲ್ಲ.

ಆದರೂ ಕಷ್ಟವಾದದ್ದು ಒಂದಿದೆ, ಅಪ್ಪ ಅಮ್ಮನ ಮುಂದೆ ಈ ಮಾತು ತೆಗೆಯುವುದು. ನಾನು ಕೇಳಿದ ದಿನ ಅಪ್ಪ ಊಟ ಬಿಟ್ಟು ಎದ್ದರು. ‘ನಾನು ಸಾಯೋದನ್ನೇ ಕಾಯ್ತಾ ಇದ್ದೀಯಾ?’ ಎಂದರು. ‘ಇಲ್ಲಪ್ಪ, ನಾನೂ ತಂಗಿಯೂ ಮಾತು ಬಿಡಬಾರದು, ಅದಕ್ಕೆ’ ಎಂದೆ. ಅವರು ಏನೂ ಹೇಳಲಿಲ್ಲ.

ನಮ್ಮ ತೋಟದ ವಿಷಯ ಇನ್ನೂ ಬಗೆಹರಿದಿಲ್ಲ. ಆದರೆ ಹೂಮಳೆ ಬಂದ ವಾರ ಅತ್ತೆ ಮನೆಗೆ ಬಂದಿದ್ದರು. ದೊಡ್ಡಪ್ಪನೂ ಬಂದು ಜಗಲಿಯಲ್ಲಿ ಕುಳಿತರು. ಈ ಸಲದ ಕಾಫಿಯನ್ನು ಒಟ್ಟಿಗೆ ಕೊಯ್ದು, ಹಣವನ್ನು ಅಜ್ಜಿಯ ಖಾತೆಗೆ ಹಾಕುವುದೆಂದು ಒಪ್ಪಿಕೊಂಡರು. ಅವರೆಲ್ಲ ಹೋದ ಮೇಲೆ ಅಪ್ಪ ನನ್ನನ್ನು ಕರೆದು, ‘ನಿನ್ನ ಹತ್ತಿರ ಒಂದು ಬಿಳಿ ಹಾಳೆ ಇದೆಯಾ?’ ಎಂದು ಕೇಳಿದರು.